ಕೊಳವೆಯಾಚೆಯ ಸಣ್ಣ ಅಕ್ಷರಗಳು

ಮಗಳ ಶಾಲೆಯ ಪ್ರಯೋಗಾಲಯದಲ್ಲಿ ಇಂದು ಸ್ಪಿರಿಟ್ ದೀಪದ ವಾಸನೆ ಬಂದೊಡನೆ ನೆನಪಾದ ಒಂದು ಮಧ್ಯಾಹ್ನವನ್ನು ಈ ಮೂಲಕ ಅರಿಕೆ ಮಾಡಿಕೊಳ್ಳುತ್ತೇನೆ.

ಆಗ ನನಗೆ ಏಳು ವರ್ಷ. ಮೂತ್ರಪಿಂಡದ ಕಾಯಿಲೆಯಿಂದ ಮುಖ ಊದಿಕೊಂಡು ಇಂಡಿ ಪಟ್ಟಣದ ಆಸ್ಪತ್ರೆಯಲ್ಲಿ ದಾಖಲಾಗಿದ್ದೆನು. ಮನೆಯಲ್ಲಿಯೇ ಮೂತ್ರ ಪರೀಕ್ಷಿಸಲು ತಾಯಿಯವರು ಕಲಿತರೆ ಮಾತ್ರ ನನ್ನನ್ನು ನಮ್ಮೂರು ಅಗರಖೇಡಕ್ಕೆ ಕಳುಹಿಸುವುದಾಗಿ ಡಾಕ್ಟರು ತಿಳಿಸಿದ್ದರು.

ನರ್ಸ್ ನನ್ನ ಮೂತ್ರವನ್ನು ಗಾಜಿನ ಕೊಳವೆಯಲ್ಲಿ ಸ್ಪಿರಿಟ್ ದೀಪದ ಮೇಲೆ ಕಾಯಿಸಿ, ಅದರ ಹಿಂದೆ ದಿನಪತ್ರಿಕೆ ಹಿಡಿದರು. "ಅಕ್ಷರ ಸ್ವಚ್ಛ ಕಂಡ್ರ ಆರಾಮ. ಮಬ್ಬಾದ್ರ ಬ್ಯಾನಿ ಇನ್ನೂ ಐತಿ."

"ನನಗ ಓದಾಕ ಬರೂದಿಲ್ರೀ ಅಕ್ಕಾರ" ಎಂದರು ತಾಯಿಯವರು.

"ಓದ್ರಿ ಅಂತ ಯಾರಂದ್ರು? ನೋಡಾಕ ಸಾಲಿ ಕಲೀಬೇಕೇನ್ರಿ?"

ತಾಯಿಯವರು ಸದರಿ ಕೊಳವೆಯನ್ನು ಬಹಳ ಹೊತ್ತು ನೋಡಿದರು. ನಾನು ಅವರ ಸೆರಗು ಜಗ್ಗಿ, "ಸ್ವಚ್ಛ ಅದಾವಂತ ಹೇಳಬೇ, ಮನಿಗೆ ಹೋಗೂಣು" ಎಂದು ಪಿಸುಗುಟ್ಟಿದೆನು.

"ಸುಮ್ನಿರು" ಎಂದು ನನ್ನನ್ನು ಗದರಿಸಿ, ಅವರು ನರ್ಸ್ ಕಡೆಗೆ ತಿರುಗಿದರು. "ದೊಡ್ಡ ಅಕ್ಷರ ಕಾಣ್ತಾವ್ರಿ. ಸಣ್ಣವು ಮಜ್ಜಿಗ್ಯಾಗ ಬಿದ್ದಂಗ ಆಗ್ಯಾವು. ಬ್ಯಾನಿ ಇನ್ನೂ ಐತ್ರಿ."

ನರ್ಸ್ ಬಗ್ಗಿ ನೋಡಿ ನಕ್ಕರು. "ಖರೇ ಹೇಳಿದ್ರಿ. ನಿಮಗ ಪರೀಕ್ಷಾ ಮಾಡಾಕ ಬಂತು. ಇನ್ನ ಗುಳಿಗಿ ಮನ್ಯಾಗ ಕೊಡ್ರಿ, ನಾಳೆ ಕಳಸ್ತಾರ."

ಪಕ್ಕದ ಹಾಸಿಗೆಯ ಸಿಂದಗಿಯ ತಾಯಿಯೊಬ್ಬರು ತಮ್ಮ ಮಗಳ ಕೊಳವೆ ಹಿಡಿದು ಬಂದರು. "ನನಗಷ್ಟು ತೋರಸ್ರೀ ಯಕ್ಕಾ."

ನನ್ನ ತಾಯಿಯವರು ತಲೆಯ ಮೇಲಿನ ಸೆರಗನ್ನು ಸರಿಪಡಿಸಿಕೊಂಡು ಹೇಳಿದರು: "ಮದ್ಲ ಬೆಳಕಿನ ಕಡೆ ತಿರುಗ್ರಿ."