ಕೂಸಿನ ಪಾಪ

ಭಾನುವಾರ ಬೆಳಿಗ್ಗೆ ಕೂಸಿಗೆ ಎಣ್ಣೆ ಹಚ್ಚಿ ನೀರೆರೆದ ನೆರೆಮನೆಯ ಮುದುಕಿ ಶಿವಲಿಂಗವ್ವ ಅದನ್ನು ತಾಯಿ ರಜನಿಯ ಕೈಗೆ ಕೊಡಲಿಲ್ಲ. ಟವೆಲಿನಲ್ಲಿ ಸುತ್ತಿಕೊಂಡು ಪಕ್ಕದ ತನ್ನ ಮನೆಗೆ ಹೋದವಳೇ ಒಳಗಿನಿಂದ ಚಿಲಕ ಹಾಕಿಕೊಂಡಳು. ಇನ್ನು ಸ್ವಲ್ಪ ಹೊತ್ತಿಗೆ ಚರ್ಚಿನಲ್ಲಿ ಆ ಕೂಸಿಗೆ ದೀಕ್ಷಾಸ್ನಾನವಿತ್ತು.

“ಆಯಿ, ಹೊತ್ತಾತು, ಕೂಸು ಕೊಡ್ರಿ,” ಎಂದು ರಜನಿ ಬಾಗಿಲು ಬಡಿದಳು.

“ಕೊಡಂಗಿಲ್ಲ,” ಎಂದು ಕಿಟಕಿಯಿಂದ ಉತ್ತರ ಬಂತು. “ನಿಮ್ಮ ಚರ್ಚಿನ ಅಯ್ನಾರು ನಿನ್ನೆ ಸಂಜಿಮುಂದ ಬಂದು ಏನಂದ್ರು? ಕೂಸು ಪಾಪ ಹೊತ್ಕೊಂಡ ಹುಟ್ಟೇತಿ, ತೊಳೀಬೇಕು ಅಂದ್ರು. ನಾ ಹೊಸ್ತಿಲದಾಗ ನಿಂತು ಕೇಳೇನಿ. ದಿನಾ ಅದನ್ನ ತೊಳಿಯಾಕಿ ನಾ. ಅದರ ಮೈಮ್ಯಾಲ ನನಗ ಕಾಣದ್ದು ಅವರಿಗೆ ಎಲ್ಲಿ ಕಂಡಿತು?”

ಗೋಪನಕೊಪ್ಪದ ಆ ಓಣಿಯಲ್ಲಿ ಶಿವಲಿಂಗವ್ವ ಹಿಡಿದ ಹಟ ಬಿಡಿಸಿದವರಿರಲಿಲ್ಲ. ರಜನಿಯ ಗಂಡ ಜಯಶೀಲ ಸೂಟು ಹಾಕಿಕೊಂಡೇ ಮೂಲೆಯ ಎಸ್‌ಟಿಡಿ ಬೂತಿಗೆ ಓಡಿ, ಚರ್ಚಿನ ಸಭಾಪಾಲಕರಾದ ಸತ್ಯಮಿತ್ರ ಅಯ್ಯನವರಿಗೆ ಫೋನು ಮಾಡಿದ. ಅವರು ಬಿಳಿ ನಿಲುವಂಗಿಯನ್ನು ತೋಳಿನ ಮೇಲೆ ಹಾಕಿಕೊಂಡು ಆಟೊದಲ್ಲಿ ಬಂದಿಳಿದರು. ಮೃದು ಮಾತಿನವರು, ಬೀಗರ ಜಗಳಗಳನ್ನೂ ಬಿಡಿಸಿದ್ದವರು. ಕಿಟಕಿಯ ಸರಳು ಹಿಡಿದು ಸಮಾಧಾನದಿಂದಲೇ ಶುರು ಮಾಡಿದರು.

“ತಾಯಿ, ಅದು ಕೂಸು ಮಾಡಿದ ಪಾಪ ಅಲ್ರಿ. ಮೊದಲ ಮನುಷ್ಯಾ ಆದಾಮ ಮಾಡಿದ್ದು. ಅವನಿಂದ ನಮಗೆಲ್ಲಾ ಬಂದೈತಿ.”

“ಯಾವ ಆದಪ್ಪ? ಜಯಶೀಲನ ಮುತ್ಯಾನ?”

“ಎಲ್ಲಾರ ಮುತ್ಯಾ. ನಿಮಗೂ ಮುತ್ಯಾನ ಆಗಬೇಕು.”

“ನಮ್ಮ ಪೈಕಿ ಆ ಹೆಸರಿನವರು ಯಾರೂ ಇಲ್ಲ. ಇರ್ಲಿ, ಏನ್ ಮಾಡಿದ್ನಂತ ಅವ?”

“ತಿನಬ್ಯಾಡ ಅಂದ ಹಣ್ಣು ತಿಂದನ್ರಿ.”

“ಎಷ್ಟು?”

“ಒಂದು,” ಎಂದರು ಅಯ್ಯನವರು. ಹೇಳಿದ ಮೇಲೆ ಅವರಿಗೇ ಅದು ಬಹಳ ಕಡಿಮೆ ಅನ್ನಿಸಿತು. “ಹಣ್ಣಿನ ಮಾತಲ್ರಿ ತಾಯಿ. ಬ್ಯಾಡ ಅಂದದ್ದನ್ನ ಮಾಡೂ ಬುದ್ಧಿ ಐತಲ್ಲ, ಅದು ಎಲ್ಲಾರ ರಕ್ತದಾಗ ಇಳದೈತಿ.”

“ಅಂದ್ರ ಅವ ತಿಂದ, ಹಲ್ಲಿಲ್ಲದ ಇದಕ್ಕ ಬಂತು? ಇದಿನ್ನೂ ಬಾಳೆಹಣ್ಣು ಸುದ್ದಾ ನೆಕ್ಕಿ ನೋಡಿಲ್ರಿ!”

ಕಟ್ಟೆಯ ಮೇಲೆ ಸೇರಿದ್ದ ಓಣಿಯವರು ಅದೂ ಖರೇ ಎಂಬಂತೆ ತಲೆಯಾಡಿಸಿದರು. ಅಯ್ಯನವರು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಶಿವಲಿಂಗವ್ವನ ದನಿ ಇಳಿಯಿತು.

“ನಂದೂ ಒಂದು ಕೂಸು ಇತ್ರೀ. ಜ್ವರಾ ಬಂದು ಹೋತು. ಮಣ್ಣು ಕೊಟ್ಟು ಬಂದ ದಿನಾ ನಮ್ಮ ಮಂದೀನ ಅಂದ್ರು, ಹಿಂದಿನ ಜನ್ಮದ ಪಾಪ ಇರಬೇಕು ಅಂತ. ನಾ ಅವತ್ತು ಬಾಯಿ ಮುಚ್ಕೊಂಡು ಕುಂತೆ. ಇವತ್ತು ಹಂಗ ಕುಂದ್ರಂಗಿಲ್ಲ. ಇದರ ಮ್ಯಾಲ ಏನೈತಿ, ಅಷ್ಟೂ ನನ್ನ ತಲಿಮ್ಯಾಲ ಹಾಕ್ರಿ. ನಾ ಹೆಂಗೂ ಹೋಗಾಕಿ.”

“ಹಂಗ ಬರೂದಿಲ್ರಿ ತಾಯಿ. ಎಲ್ಲಾರ ಪಾಪಾನೂ ಯೇಸುಸ್ವಾಮಿ ಆಗಲೇ ಹೊತ್ತಾರ.”

“ಹೊತ್ತಾರ? ಮತ್ತ ಇದರ ಮ್ಯಾಲ ಇನ್ನೇನು ಉಳೀತು?”

ಅಯ್ಯನವರು ಸರಳು ಬಿಟ್ಟರು. ಆ ಪ್ರಶ್ನೆಗೆ ಉತ್ತರವಿತ್ತು. ಆದರೆ ಕಿಟಕಿಯಲ್ಲಿ ನಿಂತು ಹೇಳುವಷ್ಟು ಚಿಕ್ಕದಾಗಿರಲಿಲ್ಲ.

ಅಷ್ಟರಲ್ಲಿ ಕೂಸು ಹಸಿದು ಚೀರತೊಡಗಿತು. ಶಿವಲಿಂಗವ್ವ ಭುಜಕ್ಕೆ ಹಾಕಿಕೊಂಡು ತಟ್ಟಿದಳು, ಹಾಡಿದಳು, ಕೊನೆಗೆ ತಾನೇ ಚಿಲಕ ತೆಗೆದಳು. “ಮೊದಲ ಹಾಲು ಕುಡಸು,” ಎಂದು ಕೂಸನ್ನು ರಜನಿಯ ಮಡಿಲಿಗೆ ಹಾಕಿ ಮುಖ ತಿರುಗಿಸಿ ನಿಂತಳು. ಜಯಶೀಲ ಹೊರಡಲು ಸನ್ನೆ ಮಾಡಿದ. ರಜನಿ ಏಳಲಿಲ್ಲ. ಶಿವಲಿಂಗವ್ವನ ಹೊಸ್ತಿಲ ಮೇಲೆಯೇ ಕೂತು, ಸೆರಗು ಮರೆಮಾಡಿ ಹಾಲು ಕುಡಿಸುತ್ತ, “ಆಯಿ, ನೀವ ಎತ್ಕೊಂಡು ಬರ್ರಿ. ನೀವಿಲ್ದ ನಾನೂ ಹೋಗೂದಿಲ್ಲ,” ಎಂದಳು.

“ಬರ್ತೇನಿ. ಆದ್ರ ನನ್ನೆದುರಿಗೆ ಇದಕ್ಕ ಪಾಪಿ ಅನಬಾರ್ದು.”

ಅಯ್ಯನವರು ನಿಲುವಂಗಿ ತೊಟ್ಟುಕೊಂಡು ಆಟೊ ಹತ್ತಿದರು.

ಹಣೆಯ ತುಂಬ ವಿಭೂತಿ ಇಟ್ಟ ಮುದುಕಿ ಕೂಸನ್ನು ಎತ್ತಿಕೊಂಡು ಬಂದಾಗ, ಕಾಯುತ್ತಿದ್ದ ಸಭೆ ಹಾಡಿದ ಹಾಡನ್ನೇ ಮತ್ತೆ ಹಾಡುತ್ತಿತ್ತು. ಶಿವಲಿಂಗವ್ವ ನೇರ ಮುಂದೆ ಹೋಗಿ ದೀಕ್ಷಾಸ್ನಾನದ ಬೋಗುಣಿಯಲ್ಲಿ ಮೊಣಕೈ ಅದ್ದಿ ನೋಡಿದಳು. “ತಣ್ಣೀರ್ರಿ ಇವು! ನೆಗಡಿ ಆತಂದ್ರ?” ಅಯ್ಯನವರ ಹೆಂಡತಿ ಚರ್ಚಿನ ಹಿಂದಿನ ತಮ್ಮ ಮನೆಗೆ ಓಡಿ ತಂಬಿಗೆಯಲ್ಲಿ ಬಿಸಿನೀರು ತಂದಳು. ಮುದುಕಿ ಬೆರೆಸಿ, ಮತ್ತೆ ಮೊಣಕೈ ಅದ್ದಿ, ಹದ ನೋಡಿ, ಸಾಕು ಎನ್ನುವ ತನಕ ಇಡೀ ಸಭೆ ಎದ್ದು ನಿಂತಿತ್ತು.

ಅಯ್ಯನವರು ಪುಸ್ತಕ ತೆರೆದು ಓದತೊಡಗಿದರು. “ಈ ಶಿಶುವು...” ಎಂಬಲ್ಲಿಗೆ ಬಂದು ತಲೆಯೆತ್ತಿದರು. ಶಿವಲಿಂಗವ್ವ ಕಣ್ಣು ಮಿಟುಕಿಸದೆ ಅವರನ್ನೇ ನೋಡುತ್ತಿದ್ದಳು. ಅವರು ಪುಸ್ತಕ ಮುಚ್ಚಿದರು.

“ನಾವೆಲ್ಲರೂ ಪಾಪದಲ್ಲಿ ಹುಟ್ಟಿದವರು,” ಎಂದರು.

“ಹಾಂ. ನಮ್ಮದು ಖರೇ ಐತ್ರಿ,” ಎಂದು ಶಿವಲಿಂಗವ್ವ ಗಟ್ಟಿಯಾಗಿ ಒಪ್ಪಿಕೊಂಡಳು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು.

ನೀರು ಬಿದ್ದಾಗ ಕೂಸು ಅಳಲಿಲ್ಲ. ಆರಾಧನೆ ಮುಗಿದು ಮಂದಿಯೆಲ್ಲ ಫೋಟೊಕ್ಕೆಂದು ಹೊರಗೆ ಹೊರಟರೂ ಶಿವಲಿಂಗವ್ವ ಬೋಗುಣಿಯ ಮುಂದಿನಿಂದ ಕದಲಲಿಲ್ಲ. ಒಳಗೆ ಬಗ್ಗಿ ನೋಡಿ, ನಿಲುವಂಗಿ ಕಳಚುತ್ತಿದ್ದ ಅಯ್ಯನವರನ್ನು ಕರೆದಳು.

“ಅಯ್ನಾರ, ಬೋಗುಣಿ ತುಂಬ ನೀರು ಹಂಗ ಉಳದಾವಲ್ರೀ. ಇಷ್ಟು ಮಂದಿ ದೊಡ್ಡವರು ಕುಂತಿದ್ವಿ, ಏನೂ ಮಾಡದ ಆ ಕೂಸೊಂದಕ್ಕ ಹಾಕಿ ಮುಗಿಸಿಬಿಟ್ರೇನು?”