ಎರಡನೇ ಮಹಡಿಯಲ್ಲಿ ನಿಂತ ಲಿಫ್ಟ್

ನಾಲ್ಕನೇ ಮಹಡಿಯಲ್ಲಿ ಕಾಯುತ್ತಿದ್ದ ಸಂಶೋಧನಾ ವಿದ್ಯಾರ್ಥಿನಿಯ ಕಣ್ಣೆದುರೇ ಲಿಫ್ಟಿನ ಅಂಕಿ ಎರಡರಲ್ಲಿ ನಿಂತುಬಿಟ್ಟಿತು. ಒಳಗೆ ಅವಳು ಕೆಳಗಿನಿಂದ ಕಳಿಸಿದ್ದ ದ್ರವ ಸಾರಜನಕದ ಪಾತ್ರೆಯೊಂದೇ ಇತ್ತು. ಅದು ಆವಿಯಾದರೆ ಮುಚ್ಚಿದ ಲಿಫ್ಟಿನಲ್ಲಿ ಉಸಿರಾಡಲು ಗಾಳಿಯೇ ಉಳಿಯದು. ಜೊತೆಯಲ್ಲಿ ಯಾರೂ ಹತ್ತುವಂತಿಲ್ಲ. ಹಾಗೆಂದು ಬರೆದ ಫಲಕವನ್ನು ಪಾತ್ರೆಗೆ ತೂಗುಹಾಕಲು ಮರೆತು, ಕಂಕುಳಲ್ಲಿಟ್ಟುಕೊಂಡೇ ಅವಳು ಮೆಟ್ಟಿಲೇರಿ ಬಂದಿದ್ದಳು.

ಅಂಕಿ ಕದಲಲಿಲ್ಲ. ಅವಳು ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿ ಇಳಿದಳು.

ಎರಡನೇ ಮಹಡಿಯಲ್ಲಿ ಕಸ ಗುಡಿಸುವ ಅಕ್ಕ ತೆರೆದ ಬಾಗಿಲಿಗೆ ಪೊರಕೆ ಅಡ್ಡ ಹಿಡಿದು ನಿಂತಿದ್ದರು. ಎದುರಿಗೆ ಗಣಿತದ ಪ್ರಾಧ್ಯಾಪಕರು ರೇಗುತ್ತಿದ್ದರು: “ಲಿಫ್ಟ್ ಖಾಲಿ ಇದೆಯಲ್ಲಮ್ಮ, ಬಿಡು.”

“ಎರಡೇ ಮಹಡಿ ಸಾರ್, ನಡೀರಿ, ಮಂಡಿ ಸವೆಯಲ್ಲ. ಆ ಪಾತ್ರೇಲಿ ಏನಿದೆಯೋ ನಂಗೊತ್ತಿಲ್ಲ. ಆದ್ರೆ ಆರು ವರ್ಷದಲ್ಲಿ ಅದರ ಜೊತೆ ಒಬ್ರಾದ್ರೂ ಹತ್ತಿದ್ದು ನಾನು ನೋಡಿಲ್ಲ.”