ಹುನೈದಾ ಹೇಳಿದ ಮಾತು

“ಗಂಡಸಲ್ಲ, ಅದು ನನ್ನಜ್ಜಿ!” ಎಂದು ರಬಾಬ್ ಕೂಗಿಯೇಬಿಟ್ಟಳು.

ಬಸ್ರಾದ ಮಸೀದಿಯಲ್ಲಿ ನೂರಾರು ಶಿಷ್ಯರ ಲೇಖನಿಗಳು ಒಮ್ಮೆಲೇ ನಿಂತವು. ನಲವತ್ತು ವರ್ಷಗಳಿಂದ ಅಲ್ಲಿ ಇಮಾಮ್ ಖುಬೈಬ್ ಹೇಳಿದ್ದೇ ಕೊನೆಯ ಮಾತು. ಅವರ ಬಾಯಿಂದ ಒಂದು ಪ್ರವಾದಿವಚನ ಕೇಳಲು ಖುರಾಸಾನಿನಿಂದ ಜನ ಒಂಟೆಯೇರಿ ಬರುತ್ತಿದ್ದರು. ಈಗಷ್ಟೇ ಅವರು ಒಂದು ವಚನ ಯಾರಿಂದ ಯಾರಿಗೆ ಬಂತೆಂದು ತಿಳಿಸುತ್ತ, “ಕೂಫಾದ ಹುನೈದಾ ಎಂಬ ಮಹಾಪುರುಷರಿಂದ” ಎಂದಿದ್ದರು. ಹೆಂಗಸರ ಸಾಲಿನಲ್ಲಿ ಕೂತಿದ್ದ, ನೂಲು ತೆಗೆದು ಬದುಕುವ ರಬಾಬ್ ತಡೆಯಲಾಗದೆ ಎದ್ದು ನಿಂತಿದ್ದಳು.

“ನೂಲು ಸಿಕ್ಕಾಗಿದ್ರೆ ಮನೇಲಿ ಬಿಡಿಸ್ಕೊ ಹೋಗಮ್ಮ,” ಎಂದು ಶಿಷ್ಯನೊಬ್ಬ ಕೊಂಕಾಡಿದ. ಎಲ್ಲರೂ ನಕ್ಕರು. ರಬಾಬಳ ಮುಖ ಕೆಂಪೇರಿತು, ಆದರೂ ಕೂರಲಿಲ್ಲ. “ನಗ್ರಪ್ಪ. ತಮ್ಮನ ತೊಟ್ಟಿಲು ತೂಗ್ತಾ ಇದೇ ಮಾತನ್ನ ನಂಗೆ ಬಾಯಿಪಾಠ ಮಾಡ್ಸಿದ್ದು ಅವಳೇ,” ಎಂದವಳು, ಅಜ್ಜಿಯ ಗುರುವಿನಿಂದ ಹಿಡಿದು ಪ್ರವಾದಿಯವರೆಗೆ ಒಂದೊಂದೇ ಹೆಸರನ್ನು ತಡವರಿಸದೆ ಹೇಳಿ, ವಚನವನ್ನೂ ಒಪ್ಪಿಸಿದಳು. ಇಮಾಮರ ಪಾಠಕ್ಕೂ ಅದಕ್ಕೂ ಒಂದಕ್ಷರ ವ್ಯತ್ಯಾಸವಿರಲಿಲ್ಲ.

ಇಮಾಮರು ಗಡ್ಡ ಕುಲುಕುವಂತೆ ನಕ್ಕರು. “ಅಯ್ಯೋ ದೇವರೇ! ಹೆಸರೊಂದನ್ನೇ ಕೇಳಿ, ನಲವತ್ತು ವರ್ಷ ಆ ತಾಯಿಗೆ ಗಡ್ಡ ಅಂಟಿಸಿ ಕೂರ್ಸಿದ್ನಲ್ಲ! ಎಲ್ರೂ ಆ ‘ಮಹಾಪುರುಷ’ ಅನ್ನೋದನ್ನ ಹೊಡೆದುಹಾಕಿ, ಸರಿಯಾಗಿ ಬರ್ಕೊಳ್ಳಿ.” ಆಮೇಲೆ ತಮ್ಮ ಪೀಠದಿಂದಿಳಿದು ಅವಳನ್ನು ಅಲ್ಲಿ ಕೂರಿಸಿದರು. ಕೊಂಕಾಡಿದ ಶಿಷ್ಯನ ಕೈಯಿಂದಲೇ ಲೇಖನಿ ಇಸಿದುಕೊಂಡು, ಅವಳೆದುರು ಚಾಪೆಯ ಮೇಲೆ ಮಂಡಿ ಮಡಿಸಿ ಕೂತರು.

“ಅಜ್ಜಿ ಇನ್ನೂ ಏನೇನು ಕಲಿಸಿದ್ರು, ಹೇಳಮ್ಮ. ಸ್ವಲ್ಪ ನಿಧಾನಕ್ಕೆ. ನಾನು ಶಿಷ್ಯನಾಗಿ ಬಹಳ ಕಾಲವಾಯ್ತು.”